ಕೈತೋಟಕ್ಕೆ ಹಕ್ಕಿ, ಚಿಟ್ಟೆ ಬರಬೇಕೆ? ಮೊದಲು ಕತ್ತರಿ ಕೆಳಗಿಡಿ

ಚಳಿ ಹಿಂದೆ ಸರಿದು ಚಿಗುರು ಕಂಡರೆ ಸಾಕು, ತೋಟ ಚೊಕ್ಕ ಮಾಡೋಣ ಅನಿಸುತ್ತದೆ. ದಯವಿಟ್ಟು ಸ್ವಲ್ಪ ತಡೆಯಿರಿ. ಒಣಗಿದ ಟೊಳ್ಳು ಕಾಂಡದೊಳಗೆ ಒಂಟಿಯಾಗಿ ಬಾಳುವ ಜೇನುನೊಣಗಳ ಮರಿಗಳು ಇರಬಹುದು. ಉದುರಿದ ಎಲೆಯಡಿ ಪತಂಗದ ಕೋಶ, ಗುಲಗಂಜಿ ಹುಳು ಅಡಗಿರುತ್ತವೆ. ಎಲ್ಲ ಗುಡಿಸಿ ಸುಟ್ಟರೆ ಅವೂ ಬೂದಿಯಾಗುತ್ತವೆ. ಕತ್ತರಿಸಲೇಬೇಕಿದ್ದರೆ ಹಗಲು ಚೆನ್ನಾಗಿ ಬೆಚ್ಚಗಾಗುವವರೆಗೆ ಕಾಯಿರಿ. ಆಗಲೂ ನೆಲದಿಂದ ಒಂದಡಿ ಕಾಂಡ ಉಳಿಸಿ. ಕತ್ತರಿಸಿದ್ದನ್ನು ಮೂಲೆಯಲ್ಲಿ ಸಡಿಲವಾಗಿ ಪೇರಿಸಿಡಿ.

ನಂತರ ನೆಲ ನೋಡಿ. ಜೇನು ಅಂದಕೂಡಲೇ ಮರದಲ್ಲಿ ತೂಗುವ ಹುಟ್ಟು ನೆನಪಾಗುತ್ತದೆ, ಅಲ್ವಾ? ಆದರೆ ಜೇನುನೊಣದ ಹೆಚ್ಚಿನ ಜಾತಿಗಳು ಮಣ್ಣಿನಲ್ಲೇ ಬಿಲ ತೋಡುತ್ತವೆ. ಬಿಸಿಲು ಬೀಳುವ ಕಡೆ ಒಂದಿಷ್ಟು ಜಾಗವನ್ನು ಸುಮ್ನೆ ಬರಿದಾಗಿ ಬಿಡಿ. ಅಗೆಯಬೇಡಿ, ಮುಚ್ಚಿಗೆ ಹಾಕಬೇಡಿ.

ಹೂವಿನ ಆಯ್ಕೆಯಲ್ಲಿ ಜಾಸ್ತಿ ಜನ ಎಡವುತ್ತಾರೆ. ಎಸಳು ಸುತ್ತು ಸುತ್ತಾಗಿ ತುಂಬಿದ ಹೂವು ಕಣ್ಣಿಗೆ ಚೆಂದ. ಆದರೆ ಅಂಥವುಗಳಲ್ಲಿ ಕೇಸರಗಳೇ ಎಸಳಾಗಿರುತ್ತವೆ, ಹಾಗಾಗಿ ಪರಾಗ ಕಡಿಮೆ. ಮಕರಂದದವರೆಗೆ ಹುಳುವಿನ ಬಾಯಿ ತಲುಪುವುದೂ ಕಷ್ಟ. ಒಂದೇ ಸುತ್ತಿನ ಎಸಳಿನ ಹೂಗಳನ್ನು ಆರಿಸಿ. ಒಂದರ ಹಿಂದೊಂದು ಅರಳುವಂತೆ ನೆಡಿ. ಸಾಸಿವೆ, ಕೊತ್ತಂಬರಿ, ಮೂಲಂಗಿ ಬೆಳೆದಿದ್ದರೆ ನಾಲ್ಕು ಗಿಡ ಕೀಳದೆ ಹೂ ಬಿಡಲು ಬಿಡಿ. ಇಷ್ಟು ಸುಲಭದ ಉಪಾಯ ಇನ್ನೊಂದಿಲ್ಲ.

ಮಕರಂದವೊಂದೇ ಸಾಲದು, ಕಂಬಳಿಹುಳುಗಳಿಗೆ ಎಲೆಯೂ ಬೇಕು. ಕೆಲವು ಚಿಟ್ಟೆಗಳು ನಿಂಬೆ ಜಾತಿಯ ಗಿಡದ ಮೇಲೆ ಮೊಟ್ಟೆಯಿಡುತ್ತವೆ. ನಿಮ್ಮ ನೆಲದ್ದೇ ಗಿಡಗಳಿಗೆ ಹೆಚ್ಚು ಜಾಗ ಕೊಡಿ. ಎಲೆಯಲ್ಲಿ ತೂತು ಕಂಡರೆ ಗಾಬರಿ ಬೇಡ. ಕಾಳು ತಿನ್ನುವ ಗುಬ್ಬಿ ಕೂಡ ಮರಿಗೆ ಉಣಿಸುವುದು ಹುಳುಗಳನ್ನೇ. ಆದ್ದರಿಂದ ಕೀಟನಾಶಕ ಬೇಡವೇ ಬೇಡ. ಸಸ್ಯಹೇನು ಮುತ್ತಿದರೆ ನೀರನ್ನು ಜೋರಾಗಿ ಹಾಯಿಸಿ, ಉಳಿದದ್ದನ್ನು ಗುಲಗಂಜಿ ಹುಳು ನೋಡಿಕೊಳ್ಳುತ್ತದೆ.

ನೀರಿಗೆ ಅಗಲವಾದ ತಟ್ಟೆ ಸಾಕು. ಆಳ 5 ಸೆಂಟಿಮೀಟರ್ ಮೀರದಿರಲಿ. ಜೇನು ಮುಳುಗದಂತೆ ಕಲ್ಲು ಇಡಿ. ಬೆಕ್ಕು ಅವಿತು ಕೂರುವ ಪೊದೆಯ ಪಕ್ಕ ಬೇಡ. ಎರಡು ದಿನಕ್ಕೊಮ್ಮೆ ತಟ್ಟೆ ಉಜ್ಜಿ ನೀರು ಬದಲಿಸಿದರೆ ಸೊಳ್ಳೆ ಮರಿಗೆ ಬೆಳೆಯಲು ಸಮಯ ಸಿಗದು, ಹಕ್ಕಿಗಳಿಗೆ ರೋಗವೂ ಹರಡದು.

ಬೇಲಿ ಸವರುವ ಮುಂಚೆ ಕೊಂಬೆಗಳ ನಡುವೆ ಇಣುಕಿ ನೋಡಿ. ಹಕ್ಕಿ ಬಾಯಲ್ಲಿ ಹುಲ್ಲುಕಡ್ಡಿ ಅಥವಾ ಹುಳು ಹಿಡಿದು ಮತ್ತೆ ಮತ್ತೆ ಒಂದೇ ಕಡೆ ನುಗ್ಗುತ್ತಿದ್ದರೆ ಒಳಗೆ ಗೂಡಿದೆ ಎಂದೇ ತಿಳಿಯಿರಿ. ಮರಿಗಳು ಹಾರಿಹೋಗುವ ತನಕ ಆ ಬೇಲಿ ಮುಟ್ಟಬೇಡಿ.