ಆನೆಯ ‘ಹರ್ಡ್’ ಕಾಯೋರು ಯಾರು?

ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತೇನೆ. ಪ್ರಾಣಿಗಳ ಗುಂಪಿನ ಹೆಸರು ಮೊದಲೆಲ್ಲ ಹತ್ತು ನಿಮಿಷದ ಪಾಠ. ದನಕ್ಕೆ ಹರ್ಡ್, ಕುರಿಗೆ ಫ್ಲಾಕ್, ಮೀನಿಗೆ ಸ್ಕೂಲ್. ಮಕ್ಕಳು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಕೂಡಲೇ ಮರೆಯುತ್ತಿದ್ದರು.

ಒಂದು ದಿನ ಅರ್ಧ ಕ್ಲಾಸ್ ಖಾಲಿ. ಕಾಫಿ ತೋಟದಲ್ಲಿ ಆನೆ ಹಿಂಡು ಬೀಡುಬಿಟ್ಟಿದೆ ಅಂತ ತೋಟದ ಕೂಲಿಯವರ ಲೈನ್‌ಮನೆ ಮಕ್ಕಳು ಬಂದಿರಲಿಲ್ಲ. ಸರಿ, ಇವತ್ತು ‘ಹರ್ಡ್’ ಒಂದೇ ಸಾಕು ಅಂದುಕೊಂಡೆ. ಬೋರ್ಡ್ ಮೇಲೆ ‘ಶೆಪರ್ಡ್’ ಬರೆದು ನಡುವೆ ಗೆರೆ ಎಳೆದೆ. ಈ ಕಡೆ ಕುರಿ, ಆ ಕಡೆ ಹರ್ಡ್. ಓದುವಾಗ ‘ಹ’ ನುಂಗುತ್ತೇವೆ, ಸ್ಪೆಲ್ಲಿಂಗಿನಲ್ಲಿ ಅದು ಹಾಗೇ ಕೂತಿದೆ. ಹಳೆಯ ಇಂಗ್ಲಿಷಿನಲ್ಲಿ ಹಿಂಡಿಗೆ ‘ಹೆಯೊರ್ಡ್’, ಕಾಯುವವನಿಗೆ ‘ಹಿಯರ್ಡೆ’. ಎರಡಕ್ಕೂ ಬೇರು ಒಂದೇ. ಹಾಗೇ ‘ಡ್ರೈವ್’ ಬೇರಿನಿಂದ ‘ಡ್ರೋವ್’, ಹೊಡ್ಕೊಂಡು ಹೋಗುವ ದನದ ಗುಂಪು.

‘ಹಾಗಾದ್ರೆ ಆನೆ ಹರ್ಡನ್ನ ಕಾಯೋರು ಯಾರು ಮಿಸ್?’

‘ಫಾರೆಸ್ಟ್‌ನೋರು, ಪಟಾಕಿ ಹೊಡ್ದು!’ ಹಿಂದಿನ ಬೆಂಚಿನಿಂದ ಉತ್ತರ ಬಂತು.

‘ಅದು ಡ್ರೋವ್ ಕಣೋ’ ಅಂದಳು ಪಕ್ಕದವಳು. ಎಷ್ಟು ವರ್ಷ ಬಾಯಿಪಾಠ ಮಾಡಿಸಿದ್ದರೂ ಇಂಥ ಮಾತು ಬರುತ್ತಿರಲಿಲ್ಲ.

ಮೀನಿನ ‘ಸ್ಕೂಲ್’ ವಿಷಯದಲ್ಲಿ ನಾನೇ ತಪ್ಪು ಹೇಳಿಕೊಂಡು ಬಂದಿದ್ದೆ, ಶಾಲೆ ಮಕ್ಕಳ ಹಾಗೆ ಸಾಲಾಗಿ ಹೋಗುತ್ತವೆ ಅಂತ. ಅದು ಡಚ್ಚರ ‘ಸ್ಕೋಲೆ’, ಗುಂಪು ಅಂತ ಅರ್ಥ. ನಮ್ಮ ಸ್ಕೂಲಿಗೂ ಅದಕ್ಕೂ ನಂಟೇ ಇಲ್ಲ. ನಮ್ಮದು ಗ್ರೀಕಿನಿಂದ ಬಂದದ್ದು, ಮೂಲದಲ್ಲಿ ‘ಬಿಡುವು’ ಅಂತ. ಮಕ್ಕಳು ನಂಬಲಿಲ್ಲ ಬಿಡಿ.

ಆಮೇಲೆ ಕನ್ನಡದ ಪದ ಕೇಳಿದೆ. ಆನೆಗೆ ಹಿಂಡು ಅನ್ನುತ್ತೇವೆ, ಮಂದೆ ಅನ್ನೋದು ಕುರಿ, ದನಕ್ಕೆ, ಅಲ್ವಾ? ಒಬ್ಬ ‘ಮಂಡೆ’ ಅಂತ ಬರೆದ, ತಲೆ ಚಚ್ಚಿಕೊಂಡೆ. ಅಷ್ಟರಲ್ಲಿ ಕೊಡವರ ಹುಡುಗ, ‘ನಮ್ಮೂರಲ್ಲಿ ಮಂದ್ ಅಂತ ಬಯಲಿದೆ ಮಿಸ್, ಪುತ್ತರಿ ಹಬ್ಬದ ಕೋಲಾಟ ಅಲ್ಲೇ’ ಅಂದ. ಸುಮ್ನೆ ಉಚ್ಚಾರ ಹತ್ತಿರ ಇರಬೇಕು ಅಂದುಕೊಂಡೆ. ಸಂಜೆ 1961ರ ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಘಂಟು ನೋಡಿದರೆ ಎರಡೂ ಒಂದೇ ಕಡೆ ಇವೆ! ಜೊತೆಗೆ ತಮಿಳಿನ ‘ಮಂದೈ’. ಅದಕ್ಕೆ ಹಿಂಡು, ದನ ನಿಲ್ಲುವ ಜಾಗ, ಊರ ನಡುವಿನ ಬಯಲು, ಮೂರೂ ಅರ್ಥ.

ಮಾರನೇ ದಿನ ಆ ಹುಡುಗನಿಗೆ ಹೇಳಿದೆ. ‘ಹಾಗಾದ್ರೆ ನಾವು ಕೋಲಾಟ ಆಡೋದು ದನ ನಿಲ್ಲೋ ಜಾಗದಲ್ಲಾ?’ ಅಂತ ಮುಖ ಗಂಟು ಹಾಕಿಕೊಂಡ. ಅವತ್ತು ಲೈನ್‌ಮನೆ ಮಕ್ಕಳೂ ಬಂದಿದ್ದರು. ಅವರಿಗಾಗಿ ಮತ್ತೆ ಶೆಪರ್ಡ್‌ನಿಂದಲೇ ಶುರು ಮಾಡಿದೆ.