ಜರ್ಮನಿಯ ಬಾಡಿಗೆ ಮನೆಯ ಬಾಗಿಲಿಗೆ ಕೈಯಾರೆ ಮಾಡಿದ ತೋರಣ

ಜರ್ಮನಿಗೆ ಬಂದು ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಹಬ್ಬ ಹತ್ತಿರವಾದಂತೆ ಏಳುವ ಮೊದಲ ಪ್ರಶ್ನೆ ಮಾವಿನೆಲೆಯದು. ಊರಿನಿಂದ ಬರುವವರ ಕೈಯಲ್ಲಿ ಒಂದು ಕಟ್ಟು ತರಿಸಿಕೊಳ್ಳೋಣವೆಂದರೆ ಕಾನೂನು ಅಡ್ಡ ಬರುತ್ತದೆ. 2019ರ ಡಿಸೆಂಬರ್‌ನಿಂದ ಐರೋಪ್ಯ ಒಕ್ಕೂಟದೊಳಕ್ಕೆ ಎಲೆ, ಹೂವು, ಹಣ್ಣುಗಳನ್ನು ತರುವ ಪ್ರಯಾಣಿಕರ ಬಳಿ ಸಸ್ಯ ಆರೋಗ್ಯ ಪ್ರಮಾಣಪತ್ರ ಇರಲೇಬೇಕು. ಬಾಳೆಹಣ್ಣು, ತೆಂಗಿನಕಾಯಿ, ಅನಾನಸಿನಂಥ ಬೆರಳೆಣಿಕೆಯ ವಸ್ತುಗಳಿಗೆ ಮಾತ್ರ ವಿನಾಯಿತಿಯಿದೆ. ಹೀಗಾಗಿ ಬಹಳ ಜನ ಪ್ಲಾಸ್ಟಿಕ್ ತೋರಣವನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಬರುತ್ತಾರೆ. ಅದಕ್ಕಿಂತ, ಇಲ್ಲಿನ ಅಂಗಡಿಯಲ್ಲಿ ಸಿಗುವ, ನೇಯದೆ ಎಳೆಗಳನ್ನು ಒತ್ತಿ ಮಾಡಿದ ಫೆಲ್ಟ್ ಬಟ್ಟೆ ಮತ್ತು ಉಣ್ಣೆ ದಾರಗಳಿಂದ ವರ್ಷವಿಡೀ ಬಾಳುವ ಒಂದು ತೋರಣವನ್ನು ಹೊಲಿದಿಟ್ಟುಕೊಂಡು, ಹಬ್ಬದ ದಿನಕ್ಕೆ ಇಲ್ಲಿನದೇ ಹಸಿ ಎಲೆಯ ಒಂದು ಸರವನ್ನು ಕಟ್ಟುವುದು ಎಷ್ಟೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎರಡನ್ನೂ ಮಾಡುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಬಾಗಿಲನ್ನು ನೋಡಿ

ಕತ್ತರಿ ಹಿಡಿಯುವ ಮುನ್ನ ತೋರಣ ಎಲ್ಲಿ ನಿಲ್ಲಬೇಕೆಂಬುದನ್ನು ತೀರ್ಮಾನಿಸಬೇಕು. ಇಲ್ಲಿನ ಫ್ಲ್ಯಾಟುಗಳ ಮುಂಬಾಗಿಲು ಸಾಮಾನ್ಯವಾಗಿ ಒಳಮುಖವಾಗಿ ತೆರೆದುಕೊಳ್ಳುವುದರಿಂದ, ಒಳಗಡೆ ಚೌಕಟ್ಟಿಗೆ ಕಟ್ಟಿದ ತೋರಣದ ಎಲೆಗಳನ್ನು ಬಾಗಿಲಿನ ಮೇಲಂಚು ಪ್ರತಿಸಲವೂ ಉಜ್ಜಿಕೊಂಡು ಹೋಗುತ್ತದೆ. ಹೊರಗಡೆ ಕಟ್ಟೋಣವೆಂದರೆ ಮೆಟ್ಟಿಲ ಹಾದಿ ಎಲ್ಲರಿಗೂ ಸೇರಿದ್ದು. ಬೆಂಕಿ ಬಿದ್ದಾಗ ಜನ ಪಾರಾಗುವ ದಾರಿಯೂ ಅದೇ ಆಗಿರುವುದರಿಂದ ಅಲ್ಲಿ ಏನಿಡಬಹುದು, ಏನಿಡಬಾರದು ಎಂಬುದನ್ನು ಕಟ್ಟಡದ ನಿಯಮಗಳೇ ಹೇಳುತ್ತವೆ. ಬಾಡಿಗೆ ಕರಾರಿನ ಜೊತೆ ಕೊಟ್ಟಿರುವ ಹೌಸ್‌ಓರ್ಡ್‌ನುಂಗ್ ಎಂಬ ಕಟ್ಟಡ ನಿಯಮಗಳ ಹಾಳೆಯನ್ನು ಓದಿ, ಅನುಮಾನವಿದ್ದರೆ ಮನೆ ಮಾಲೀಕರನ್ನು ಕೇಳಿ. ಅನುಮತಿ ಸಿಗದಿದ್ದರೆ ಬೇಸರ ಬೇಡ. ಹಜಾರದ ಬಾಗಿಲು ಹೆಚ್ಚಾಗಿ ಕೋಣೆಯ ಒಳಕ್ಕೆ ತೆರೆದುಕೊಳ್ಳುತ್ತದೆ. ಅದರ ಪಡಸಾಲೆಯ ಬದಿಗೆ ಕಟ್ಟಿದ ತೋರಣಕ್ಕೆ ಯಾವ ಅಡ್ಡಿಯೂ ಇರುವುದಿಲ್ಲ, ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದೂ ಅದೇ.

ಚೌಕಟ್ಟಿಗೆ ಮೊಳೆ ಹೊಡೆಯಬೇಡಿ, ತೂತು ಕೊರೆಯಬೇಡಿ. ಮನೆ ಬಿಡುವಾಗ ಗೋಡೆಯ ತೂತನ್ನು ತುಂಬಿ ಬಣ್ಣ ಬಳಿಯಬಹುದು, ಆದರೆ ಚೌಕಟ್ಟಿನ ತೂತು ಠೇವಣಿಗೆ ಕತ್ತರಿ ಹಾಕಬಲ್ಲದು. ಎಳೆದರೆ ಬಿಟ್ಟುಕೊಳ್ಳುವ ಅಂಟು ಪಟ್ಟಿಯ ಹುಕ್ಕುಗಳು ಮೂರು ಸಾಕು. ಅವನ್ನು ನುಣುಪಾದ ಚೌಕಟ್ಟಿಗೇ ಅಂಟಿಸಬೇಕು. ಮರದ ಚೂರು ಬೆರೆಸಿದ ತರಿತರಿ ಕಾಗದ, ಇಲ್ಲಿನವರು ರೌಫಾಸರ್ ಎನ್ನುವುದು, ಎಷ್ಟೋ ಬಾಡಿಗೆ ಮನೆಗಳ ಗೋಡೆಗಿದೆ; ಅದರ ಮೇಲೆ ಅಂಟು ಸರಿಯಾಗಿ ಕೂರುವುದಿಲ್ಲ, ಕೂತರೆ ಕೀಳುವಾಗ ಕಾಗದವನ್ನೂ ಕಿತ್ತುಕೊಂಡು ಬರುತ್ತದೆ.

ಚೌಕಟ್ಟಿನ ಮೇಲ್ಪಟ್ಟಿಯ ಅಗಲವನ್ನು ಅಳತೆ ಮಾಡಿಕೊಳ್ಳಿ. ಮನೆಯೊಳಗಿನ ಬಾಗಿಲುಗಳು ಹೆಚ್ಚಾಗಿ 86 ಸೆಂ.ಮೀ. ಅಗಲದವು, ಪಟ್ಟಿಗಳೂ ಸೇರಿ ಸುಮಾರು ಒಂದು ಮೀಟರ್ ಆಗುತ್ತದೆ. ಆ ಲೆಕ್ಕದಲ್ಲಿ 96 ಸೆಂ.ಮೀ. ಉದ್ದದ ತೋರಣದ ಅಳತೆಯನ್ನು ಕೊಡುತ್ತಿದ್ದೇನೆ. ನಿಮ್ಮ ಬಾಗಿಲು ಬೇರೆಯಾಗಿದ್ದರೆ ಎಲೆಗಳ ನಡುವಿನ ಅಂತರವನ್ನು ಬದಲಿಸಿಕೊಳ್ಳಿ, ಎಲೆಯ ಅಳತೆಯನ್ನಲ್ಲ.

ಎಲೆ, ಹೂವು, ಪಟ್ಟಿ

ಕರಕುಶಲ ಸಾಮಗ್ರಿಯ ಅಂಗಡಿಗಳಲ್ಲಿ ಫೆಲ್ಟ್ 20×30 ಸೆಂ.ಮೀ. ಹಾಳೆಗಳಲ್ಲಿ ಸಿಗುತ್ತದೆ. ಗಾಢ ಹಸಿರು, ತಿಳಿ ಹಸಿರು ಮತ್ತು ತಾಮ್ರದ ಬಣ್ಣದ ಒಂದೊಂದು ಹಾಳೆಯನ್ನು ಕೊಳ್ಳಿ. ತಾಮ್ರದ ಬಣ್ಣ ಬೇಕೇ ಎಂದು ಕೇಳುವವರಿದ್ದಾರೆ, ಖಂಡಿತ ಬೇಕು. ಮಾವಿನ ಚಿಗುರು ಹುಟ್ಟುವಾಗ ಇರುವ ಬಣ್ಣ ಅದೇ, ಅಂಥ ಎರಡು ಎಲೆಗಳು ನಡುವೆ ಸೇರಿದರೆ ಸಾಕು, ಇಡೀ ತೋರಣಕ್ಕೆ ಜೀವ ಬರುತ್ತದೆ.

ರಟ್ಟಿನಲ್ಲಿ 14 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಮಾವಿನೆಲೆಯ ಅಚ್ಚನ್ನು ಕತ್ತರಿಸಿಕೊಳ್ಳಿ. ಮಾವಿನೆಲೆಯ ಅತ್ಯಂತ ಅಗಲವಾದ ಭಾಗ ನಡುವಿನಲ್ಲಿರುತ್ತದೆ, ತುದಿ ನಿಧಾನವಾಗಿ ಮೊನಚಾಗುತ್ತದೆ. ಬುಡದ ಕಡೆ ಅಗಲ ಹೆಚ್ಚಾದರೆ ಅದು ಅರಳಿ ಎಲೆಯಂತೆ ಕಾಣತೊಡಗುತ್ತದೆ. ಈ ಅಚ್ಚಿನಿಂದ ಒಂದು ಹಾಳೆಯಲ್ಲಿ ಎಂಟು ಎಲೆಗಳು ಬರುತ್ತವೆ. ಗಾಢ ಹಸಿರಿನ ಏಳು, ತಿಳಿ ಹಸಿರಿನ ನಾಲ್ಕು, ತಾಮ್ರದ ಎರಡು, ಒಟ್ಟು ಹದಿಮೂರು ಎಲೆಗಳನ್ನು ಕತ್ತರಿಸಿ.

ಇನ್ನು ಎಲೆಯ ನಡುನರ. ಬಣ್ಣದ ದಾರದಲ್ಲಿ ಗೆರೆ ಎಳೆದರೆ ಎಲೆ ಚಪ್ಪಟೆಯಾಗಿಯೇ ಉಳಿಯುತ್ತದೆ. ಅದರ ಬದಲು ಎಲೆಯನ್ನು ಉದ್ದಕ್ಕೆ ಸರಿಯಾಗಿ ಅರ್ಧ ಮಡಿಸಿ, ಮಡಿಕೆಯಿಂದ 2 ಮಿ.ಮೀ. ಒಳಗೆ, ಅದೇ ಬಣ್ಣದ ದಾರದಿಂದ, ತುದಿಗೆ ಒಂದು ಸೆಂಟಿಮೀಟರ್ ಇರುವಲ್ಲಿಯವರೆಗೆ ಸಣ್ಣ ಕಚ್ಚಾ ಹೊಲಿಗೆ ಹಾಕುತ್ತಾ ಹೋಗಿ. ಮೂರು ನಾಲ್ಕು ಹೊಲಿಗೆಗೊಮ್ಮೆ ದಾರವನ್ನು ತುಸು ಬಿಗಿಯಾಗಿ ಎಳೆಯಿರಿ. ಮಡಿಕೆಯನ್ನು ಬಿಡಿಸಿದಾಗ ನಡುವೆ ಒಂದು ಏಣು ಎದ್ದು ನಿಲ್ಲುತ್ತದೆ, ಎರಡೂ ಬದಿಗಳು ಇಳಿಜಾರಾಗುತ್ತವೆ, ದಾರದ ಬಿಗಿಗೆ ಎಲೆಯ ತುದಿ ನಿಜವಾದ ಎಲೆಯಲ್ಲಿರುವಂತೆಯೇ ಸ್ವಲ್ಪ ಬಾಗುತ್ತದೆ. ಎಲ್ಲ ಎಲೆಗಳಿಗೂ ಒಂದೇ ಬಿಗಿ ಬೇಕಾಗಿಲ್ಲ; ಒಂದು ಹೆಚ್ಚು ಬಾಗಿ ಇನ್ನೊಂದು ನೆಟ್ಟಗಿದ್ದರೆ ಚೆನ್ನ.

ಚೆಂಡುಹೂವಿಗೆ ಕಿತ್ತಳೆ ಮತ್ತು ಹಳದಿ ಬಣ್ಣದ ಹೆಣಿಗೆಯ ದಾರ ಬೇಕು. 4 ಸೆಂ.ಮೀ. ಅಗಲದ ಗಟ್ಟಿ ರಟ್ಟಿನ ಮೇಲೆ ಎರಡೂ ಬಣ್ಣಗಳ ಎಳೆಗಳನ್ನು ಜೊತೆಗೆ ಹಿಡಿದು ಮೂವತ್ತು ಸುತ್ತು ಸುತ್ತಿ, ಸುರುಳಿಯನ್ನು ರಟ್ಟಿನಿಂದ ಜಾರಿಸಿ, ನಡುವಿಗೆ ಗಟ್ಟಿಯಾದ ಹತ್ತಿ ದಾರದಿಂದ ಎಷ್ಟು ಸಾಧ್ಯವೋ ಅಷ್ಟು ಬಿಗಿಯಾಗಿ ಎರಡು ಗಂಟು ಹಾಕಿ. ಗಂಟಿನ ದಾರದ ತುದಿಗಳನ್ನು 15 ಸೆಂ.ಮೀ. ಬಿಡಿ, ಹೂವನ್ನು ಪಟ್ಟಿಗೆ ಹೊಲಿಯಲು ಅವೇ ಬೇಕಾಗುತ್ತವೆ. ಎರಡೂ ಬದಿಯ ಕುಣಿಕೆಗಳನ್ನು ಕತ್ತರಿಸಿ, ಕೈಯಲ್ಲಿ ಉಜ್ಜಿ ಎಳೆಗಳನ್ನು ಅರಳಿಸಿ, ಮುಂಭಾಗವನ್ನು ಗುಮ್ಮಟದಂತೆ ದುಂಡಗೆ, ಹಿಂಭಾಗವನ್ನು ಸಪಾಟಾಗಿ ಕತ್ತರಿಸಿ. ಹಿಂಭಾಗವನ್ನು ಸಪಾಟು ಮಾಡುವುದನ್ನು ಬಿಟ್ಟರೆ ಹೂವು ಪಟ್ಟಿಯ ಮೇಲೆ ಕೂರದೆ ಮುಂದಕ್ಕೆ ಜೋತು ಬೀಳುತ್ತದೆ. ಇಂಥ ಹನ್ನೆರಡು ಹೂಗಳು ಬೇಕು. ಮಕ್ಕಳಿಗೆ ಬಹಳ ಇಷ್ಟವಾಗುವ ಕೆಲಸ ಇದು, ಕತ್ತರಿಯ ಕೆಲಸವೊಂದನ್ನು ದೊಡ್ಡವರು ಇಟ್ಟುಕೊಳ್ಳಲಿ.

ಮೇಲಿನ ಪಟ್ಟಿಗೆ ಉಡದೆ ಇಟ್ಟಿರುವ ಹಳೆಯ ಸೀರೆಯ ಅಂಚಿಗಿಂತ ಒಳ್ಳೆಯ ಬಟ್ಟೆಯಿಲ್ಲ. 100 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲಕ್ಕೆ ಕತ್ತರಿಸಿ, ಎರಡು ಕೊನೆಗಳನ್ನು 2 ಸೆಂ.ಮೀ. ಮಡಿಸಿ ಹೊಲಿಯಿರಿ. ಉದ್ದದ ಎರಡು ಅಂಚುಗಳನ್ನು 1 ಸೆಂ.ಮೀ. ಒಳಕ್ಕೆ ಮಡಿಸಿ ಇಸ್ತ್ರಿ ಹಾಕಿ, ಬಳಿಕ ಪಟ್ಟಿಯನ್ನು ಉದ್ದಕ್ಕೆ ಅರ್ಧ ಮಡಿಸಿದರೆ 3 ಸೆಂ.ಮೀ. ಅಗಲದ ಕೊಳವೆ ಸಿದ್ಧವಾಗುತ್ತದೆ. ಜರಿಯಿದ್ದರೆ ಇಸ್ತ್ರಿಯ ಬಿಸಿ ಕಡಿಮೆಯಿರಲಿ, ಮೇಲೊಂದು ತೆಳು ಬಟ್ಟೆ ಹಾಸಿಕೊಳ್ಳಿ. ಮಡಿಕೆ ಮೇಲಕ್ಕೆ, ತೆರೆದ ಬದಿ ಕೆಳಕ್ಕೆ ಬರಲಿ. ಮೊದಲ ಎಲೆಯ ನಡುನರ ಎಡ ಕೊನೆಯಿಂದ 3 ಸೆಂ.ಮೀ. ದೂರದಲ್ಲಿ, ಮುಂದಿನ ಪ್ರತಿಯೊಂದೂ 7.5 ಸೆಂ.ಮೀ. ಅಂತರದಲ್ಲಿ ಬರುವಂತೆ, ಬುಡವನ್ನು 1 ಸೆಂ.ಮೀ. ಒಳಗಿಟ್ಟು ಗುಂಡುಪಿನ್ನು ಚುಚ್ಚಿ, ಕೆಳಗಿನ ಬಾಯಿಯನ್ನು ಎಲೆಗಳ ಸಮೇತ ಹೊಲಿದು ಮುಚ್ಚಿ. ಎರಡೆರಡು ಎಲೆಗಳ ನಡುವೆ ಒಂದೊಂದು ಹೂವನ್ನು ಹೊಲಿಯುವಾಗ ಸೂಜಿ ಮುಂದಿನ ಪದರವನ್ನಷ್ಟೇ ಹಿಡಿಯಲಿ, ಇಲ್ಲದಿದ್ದರೆ ಕೊಳವೆ ಮುಚ್ಚಿಹೋಗುತ್ತದೆ. ಹಿಂಬದಿಯಲ್ಲಿ ಮೇಲ್ಮಡಿಕೆಯ ಬಳಿ, ಹುಕ್ಕುಗಳಿಗೆ ಸರಿಯಾಗಿ, ದಾರದ ಮೂರು ಕುಣಿಕೆಗಳನ್ನು ಹೊಲಿಯಿರಿ. ಕೊನೆಯಲ್ಲಿ ಒಂದೂವರೆ ಸೆಂ.ಮೀ. ಅಗಲದ ತೆಳುವಾದ ಮರದ ಪಟ್ಟಿಯನ್ನು ಬದಿಯಿಂದ ಒಳಕ್ಕೆ ಜಾರಿಸಿ. ಅದಿದ್ದರೆ ತೋರಣ ನಡುವೆ ಜಗ್ಗುವುದಿಲ್ಲ. ಮನೆ ಕಟ್ಟುವ, ರಿಪೇರಿ ಮಾಡುವ ಸಾಮಾನು ಮಾರುವ ಬೌಮಾರ್ಕ್ಟ್ ಅಂಗಡಿಗಳಲ್ಲಿ ಇಂಥ ಪಟ್ಟಿಗಳು ಸಿಗುತ್ತವೆ.

ಹಬ್ಬದ ದಿನದ ಹಸಿ ಎಲೆ

ಇಲ್ಲಿನ ಮನೆಗಳ ಬೇಲಿಗಳನ್ನು ಒಮ್ಮೆ ಗಮನಿಸಿ. ಕಿರ್ಶ್‌ಲೋರ್ಬೇರ್ ಎಂಬ ನಿತ್ಯಹಸಿರು ಪೊದೆ ಎಲ್ಲೆಡೆಯೂ ಇದೆ. ಅದರ ಎಲೆ ಉದ್ದವಾಗಿ, ದಪ್ಪವಾಗಿ, ಹೊಳಪಾಗಿದ್ದು ಮಾವಿನೆಲೆಯ ಜಾಗದಲ್ಲಿ ಅಂದವಾಗಿ ಒಪ್ಪುತ್ತದೆ. ಹೀಟರಿನ ಒಣ ಗಾಳಿಯಲ್ಲೂ ಅದು ಬೇಗ ಮುದುಡುವುದಿಲ್ಲ. ಬೇಲಿ ಯಾರದೋ ಅವರನ್ನು ಕೇಳಿಯೇ ಕೊಯ್ಯಬೇಕು. ಹಕ್ಕಿಗಳು ಗೂಡು ಕಟ್ಟುವ ಕಾಲವಾದ್ದರಿಂದ ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಬೇಲಿಗಳನ್ನು ಬುಡಮಟ್ಟ ಕತ್ತರಿಸುವುದಕ್ಕೆ ಕಾನೂನಿನ ನಿಷೇಧವಿದೆ, ಮೇಲಿಂದ ಮೇಲೆ ಸವರುವುದಕ್ಕೆ ಮಾತ್ರ ಅವಕಾಶವಿದೆ. ಅಕ್ಟೋಬರ್ ಬಂದೊಡನೆ ಕತ್ತರಿಸುವ ಕೆಲಸ ಶುರುವಾಗುವುದರಿಂದ ದೀಪಾವಳಿಯ ವೇಳೆಗೆ ಕೇಳಿದವರಿಗೆ ಕೊಂಬೆಗಟ್ಟಲೆ ಎಲೆ ಸಿಗಬಹುದು. ಯುಗಾದಿಗೆ ಒಂದು ಹಿಡಿ ಎಲೆ ಕೇಳಿ ತಂದರೆ ಸಾಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಈ ಎಲೆ ವಿಷಕಾರಿ. ಜಗಿದರೆ ಸಯನೈಡ್ ಬಿಡುಗಡೆಯಾಗುತ್ತದೆ. ಆದ್ದರಿಂದ ತೋರಣವನ್ನು ಮಕ್ಕಳಿಗೆ, ಸಾಕುಪ್ರಾಣಿಗಳಿಗೆ ಎಟುಕದಂತೆ ಕಟ್ಟಿ, ಉದುರಿದ್ದನ್ನು ಕೂಡಲೇ ಎತ್ತಿ, ಕೈ ತೊಳೆದುಕೊಳ್ಳಿ. ಕಲಶಕ್ಕಾಗಲಿ ಊಟದೆಲೆಯ ಬಳಿಗಾಗಲಿ ಇದನ್ನು ಎಂದೂ ಬಳಸಬಾರದು. ಅಂಬೆಗಾಲಿಡುವ ಮಗುವಿರುವ ಮನೆಯವರು ಫೆಲ್ಟಿನ ತೋರಣವೊಂದರಲ್ಲೇ ಹಬ್ಬ ಮಾಡಲಿ.

ಕಟ್ಟುವ ಕ್ರಮ ಊರಿನದೇ. ಎಲೆಯ ಬುಡವನ್ನು ಹುರಿಯ ಮೇಲಿಂದ ಹಿಂದಕ್ಕೆ ಮಡಿಸಿ, ಪೊರಕೆಕಡ್ಡಿ ಚುಚ್ಚುವ ಕಡೆ ಅರ್ಧ ಮುರಿದ ಟೂತ್‌ಪಿಕ್ ಚುಚ್ಚಬೇಕು. ಎಲೆ ದಪ್ಪಗಿರುವುದರಿಂದ ಮಡಿಸುವ ಜಾಗದಲ್ಲಿ ಹಿಂಬದಿಯ ನರವನ್ನು ಉಗುರಿನಿಂದ ಮೊದಲೇ ಒತ್ತಿಕೊಂಡರೆ ಮುರಿಯುವುದಿಲ್ಲ. ಹೂವಿಗೆ, ಬೇಸಿಗೆಯಲ್ಲಿ ಬಾಲ್ಕನಿಯ ಕುಂಡದಲ್ಲಿ ಬೆಳೆದ ಚೆಂಡುಹೂವನ್ನು ಮೊದಲ ಇಬ್ಬನಿ ಹೆಪ್ಪುಗಟ್ಟುವ ಮುನ್ನ ಕೊಯ್ದು, ಬುಡಕ್ಕೆ ಸೂಜಿ ಹಾಯಿಸಿ ಸರ ಮಾಡಿ ನೆರಳಿನಲ್ಲಿ ಒಣಗಿಸಿಟ್ಟುಕೊಳ್ಳಬಹುದು. ಗಾತ್ರ ಕುಗ್ಗಿದರೂ ಬಣ್ಣ ಉಳಿಯುತ್ತದೆ.

ತೋರಣದ ಕೆಳಗೆ ಉರಿಯುವ ದೀಪ, ಮೇಣದ ಬತ್ತಿ ಇಡಬೇಡಿ. ಹಬ್ಬ ಕಳೆದ ಮೇಲೆ ಹಸಿ ಎಲೆಗಳು ಜೈವಿಕ ಕಸದ ಡಬ್ಬಿಗೆ ಹೋಗಲಿ, ಹುರಿಯನ್ನು ಬಿಡಿಸಿಟ್ಟುಕೊಳ್ಳಿ. ಫೆಲ್ಟಿನ ತೋರಣದಿಂದ ಮರದ ಪಟ್ಟಿಯನ್ನು ಹೊರಗೆಳೆದು, ಧೂಳು ಕೊಡವಿ, ಎಲೆಗಳು ಮಡಿಯದಂತೆ ಹಳೆಯ ಪಂಚೆಯ ಮೇಲೆ ಹಾಸಿ ಸಡಿಲವಾಗಿ ಸುತ್ತಿ, ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿಡಿ. ದಾರವಾಗಲಿ ಫೆಲ್ಟ್ ಆಗಲಿ ಅಪ್ಪಟ ಉಣ್ಣೆಯದಾಗಿದ್ದರೆ ಬಟ್ಟೆ ತಿನ್ನುವ ನುಸಿ ಅದಕ್ಕೆ ಮೊಟ್ಟೆಯಿಡುತ್ತದೆ, ಅಂಥದ್ದನ್ನು ಡಬ್ಬಿಗೆ ಹಾಕುವ ಮುನ್ನ ಚೀಲದಲ್ಲಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿಡುವುದು ಒಳ್ಳೆಯದು.