ಅಮೆರಿಕದ ರಾಜ್ಯವೊಂದು ಕಾರ್ಬನ್ ಮಾರುಕಟ್ಟೆ ಬಿಟ್ಟಿತಂತೆ: ನೋಟ್ಸ್ ಮಾಡೋದು ಹೇಗೆ?

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್, ಯುಪಿಎಸ್‌ಸಿಗೆ ಓದುತ್ತಿರುವ ತಮ್ಮ-ತಂಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಮೆರಿಕದ ರಾಜ್ಯವೊಂದು ಕಾರ್ಬನ್ ಮಾರುಕಟ್ಟೆ ಬಿಟ್ಟಿತು ಅನ್ನುವಂಥ ಸುದ್ದಿ ಬಂದಾಗ ಸುಮ್ನೆ ಹೆಡ್ಡಿಂಗ್ ಬರೆದುಕೊಂಡು ಮುಂದೆ ಹೋಗಬೇಡಿ.

ಮೊದಲು ವ್ಯವಸ್ಥೆ ಏನು ಅಂತ ನಾಲ್ಕು ಸಾಲು ಬರೆಯಿರಿ. ಆರ್‌ಜಿಜಿಐ (ರೀಜನಲ್ ಗ್ರೀನ್‌ಹೌಸ್ ಗ್ಯಾಸ್ ಇನಿಶಿಯೇಟಿವ್) ಅನ್ನುವುದು ಅಮೆರಿಕದ ಈಶಾನ್ಯ ಭಾಗದ ರಾಜ್ಯಗಳು ಸೇರಿ 2009ರಿಂದ ನಡೆಸುತ್ತಿರುವ ಕಾರ್ಬನ್ ಮಾರುಕಟ್ಟೆ. ಕಲ್ಲಿದ್ದಲು, ಗ್ಯಾಸ್ ಸುಟ್ಟು ಕರೆಂಟ್ ಮಾಡುವ ದೊಡ್ಡ ಸ್ಥಾವರಗಳು ತಾವು ಬಿಡುವ ಒಂದೊಂದು ಟನ್ ಇಂಗಾಲದ ಡೈಆಕ್ಸೈಡ್‌ಗೆ ಒಂದೊಂದು ಪರವಾನಗಿ ತೋರಿಸಬೇಕು. ಅವರ ಟನ್ ಅಂದರೆ ಸುಮಾರು 907 ಕೆಜಿ, ನಮ್ಮ 1000 ಕೆಜಿ ಅಲ್ಲ. ಒಟ್ಟು ಪರವಾನಗಿಗಳಿಗೆ ಮಿತಿ ಇದೆ, ಮೂರು ತಿಂಗಳಿಗೊಮ್ಮೆ ಹರಾಜು. ಬ್ಯಾಡಗಿ ಮೆಣಸಿನಕಾಯಿ ಟೆಂಡರ್ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಆರ್‌ಜಿಜಿಐ ಹರಾಜಿನಲ್ಲೂ ಒಬ್ಬರು ಹಾಕಿದ ರೇಟು ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ಬ್ಯಾಡಗಿಯಲ್ಲಿ ಒಂದೊಂದು ಲಾಟಿಗೆ ಒಂದೊಂದು ರೇಟು, ಆರ್‌ಜಿಜಿಐಯಲ್ಲಿ ಗೆದ್ದವರೆಲ್ಲ ಒಂದೇ ರೇಟು ಕೊಡುತ್ತಾರೆ.

ಈಗ ಮುಖ್ಯ ಪ್ರಶ್ನೆ: ಸುದ್ದಿಯಲ್ಲಿರುವ ರಾಜ್ಯ ಈ ಮಾರುಕಟ್ಟೆಯೊಳಗೆ ಯಾವ ಬಾಗಿಲಿನಿಂದ ಹೋಗಿತ್ತು? ಶಾಸನಸಭೆಯ ಕಾನೂನಿನಿಂದಲಾ, ಗವರ್ನರ್ ಆದೇಶದಿಂದಲಾ? ಹೊರಗೆ ಬರುವಾಗ ಜಗಳ ಎಲ್ಲ ಇದರ ಮೇಲೆಯೇ. ವರ್ಜೀನಿಯಾ 2020ರಲ್ಲಿ ಕಾನೂನು ಮಾಡಿ 2021ರಲ್ಲಿ ಸೇರಿತು, ಆಮೇಲೆ ಬಂದ ಗವರ್ನರ್ ಯಂಗ್‌ಕಿನ್ ಕಾಲದಲ್ಲಿ ವಾಯುಮಾಲಿನ್ಯ ಮಂಡಳಿಯ ಮತದಿಂದ 2023ರ ಕೊನೆಗೆ ಹೊರಬಂತು, 2024ರ ನವೆಂಬರ್‌ನಲ್ಲಿ ಅಲ್ಲಿನ ಕೋರ್ಟೊಂದು ಈ ದಾರಿ ಕಾನೂನುಬಾಹಿರ ಅಂತ ಹೇಳಿತು. ಪೆನ್ಸಿಲ್ವೇನಿಯಾದ್ದು ಇದರ ಉಲ್ಟಾ. ಅಲ್ಲಿ ಗವರ್ನರ್ ಕಡೆಯಿಂದ ನಿಯಮ ಬಂತು. ಇದು ತೆರಿಗೆ, ಶಾಸನಸಭೆಯನ್ನು ಬಿಟ್ಟು ಹಾಕುವಂತಿಲ್ಲ ಅಂತ 2023ರಲ್ಲಿ ಕೋರ್ಟ್ ತಡೆಯಿತು. 2025ರ ಬಜೆಟ್ ಒಪ್ಪಂದದಲ್ಲಿ ಅದನ್ನು ಕೈಬಿಟ್ಟರು. ನ್ಯೂಜೆರ್ಸಿ 2011ರ ಕೊನೆಗೆ ಬಿಟ್ಟು 2020ರಲ್ಲಿ ವಾಪಸ್ ಸೇರಿತು.

ಆಮೇಲೆ ಹಣದ ಜಾಡು ಹಿಡಿಯಿರಿ. ಕರೆಂಟ್ ಬಿಲ್ಲಿನಲ್ಲಿ ಇದು ಮುಚ್ಚಿಟ್ಟ ತೆರಿಗೆ ಅಂತ ಯಂಗ್‌ಕಿನ್ ವಾದ. ಬಿಲ್ ಕಟ್ಟುವವರಿಗೆ ಅದು ಸುಳ್ಳು ಅಂತ ಹೇಳಲಾಗದು, ಬರೆದುಕೊಳ್ಳಿ. ಆದರೆ ಹರಾಜಿನ ಹಣದಲ್ಲಿ 45% ಪ್ರವಾಹ ತಡೆಗೆ, 50% ಬಡವರ ಮನೆಗಳ ಇಂಧನ ಉಳಿತಾಯಕ್ಕೆ ಅಂತ ವರ್ಜೀನಿಯಾ ಕಾನೂನಿನಲ್ಲೇ ಇತ್ತು. 2019ರಲ್ಲಿ ಮಲಪ್ರಭೆ ಉಕ್ಕಿ ನರಗುಂದ ಕಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ನೋಡಿದವರಿಗೆ ಆ 45% ಅಂದರೆ ಏನು ಅಂತ ಬೇರೆ ಹೇಳಬೇಕಾ? ಮಾರುಕಟ್ಟೆ ಬಿಟ್ಟರೆ ಆ ಹಣ ಎಲ್ಲಿಂದ ಬರುತ್ತದೆ ಅನ್ನುವ ಪ್ರಶ್ನೆ ನಿಮ್ಮ ಉತ್ತರದಲ್ಲಿ ಇರಲೇಬೇಕು.

ಕೊನೆಗೆ ನಮ್ಮ ದೇಶದ್ದು ಎರಡು ಸಾಲು. ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ, 2023ರಲ್ಲಿ ಕಾರ್ಬನ್ ಕ್ರೆಡಿಟ್ ಟ್ರೇಡಿಂಗ್ ಯೋಜನೆ, ಅಂದರೆ ಗುರಿಗಿಂತ ಕಡಿಮೆ ಹೊಗೆ ಬಿಟ್ಟವರಿಗೆ ಸಿಗುವ ಕ್ರೆಡಿಟ್‌ಗಳನ್ನು ಕೊಳ್ಳುವ-ಮಾರುವ ವ್ಯವಸ್ಥೆ. ಇಲ್ಲಿ ಕಾರ್ಖಾನೆಗಳಿಗೆ ಗುರಿ ಹಾಕುವುದು ಒಟ್ಟು ಹೊಗೆಯ ಮೇಲಲ್ಲ, ಒಂದು ಟನ್ ಉತ್ಪನ್ನಕ್ಕೆ ಎಷ್ಟು ಹೊಗೆ ಅನ್ನುವುದರ ಮೇಲೆ. ಇದು ಕೇಂದ್ರದ ಯೋಜನೆ, ಹಾಗಾಗಿ ವರ್ಜೀನಿಯಾ ಹೊರಬಂದ ಹಾಗೆ ಕರ್ನಾಟಕ ಹೊರಬರುವ ಮಾತೇ ಇಲ್ಲ. ಈ ವ್ಯತ್ಯಾಸಕ್ಕೆ ಕೆಂಪು ಪೆನ್ನಿನಲ್ಲಿ ಅಡಿಗೆರೆ ಹಾಕಿಕೊಳ್ಳಿ.